ರಣಹದ್ದಿನ ಮೊದಲ ಊಟ

ಊರಿಗೆ ಬುದ್ಧಿ ಹೇಳುವುದಕ್ಕೆ ಸಂಬಳವನ್ನೂ ಕೊಡುತ್ತಾರೆ ಎಂದರೆ ನನ್ನಂಥ ಮಾತುಗಾರನಿಗೆ ಇನ್ನೇನು ಬೇಕು? ಪಂಜರದಲ್ಲಿ ಸಾಕಿ ಬೆಳೆಸಿದ ರಣಹದ್ದುಗಳನ್ನು ಕಳವಾರದ ಹತ್ತಿರದ ಬೆಟ್ಟದಲ್ಲಿ ಬಿಡುವ ಯೋಜನೆಯಲ್ಲಿ ನನಗೆ ಸಿಕ್ಕಿದ್ದು ಅಂಥದೇ ಕೆಲಸ. ನೋವು ಇಳಿಸುವ ಕೆಲವು ಇಂಜೆಕ್ಷನ್ ಹಾಕಿಸಿಕೊಂಡ ದನ ಸತ್ತರೆ, ಅದನ್ನು ತಿಂದ ಹದ್ದೂ ಸಾಯುತ್ತದೆ. ಹಾಗಾಗಿ ಅಂಥ ಇಂಜೆಕ್ಷನ್ ಬೇಡ, ವಯಸ್ಸಾಗಿ ಸತ್ತ ದನವನ್ನು ಹೂಳದೆ ಬೆಟ್ಟದಲ್ಲಿ ಹದ್ದುಗಳಿಗೆ ಊಟವಿಡುವ ನಮ್ಮ ಬಂಡೆಗೆ ಕೊಡಿ ಎಂದು ಮಂಚೇನಹಳ್ಳಿಯಿಂದ ಶಿಡ್ಲಘಟ್ಟದವರೆಗೂ ಹೇಳಿಕೊಂಡು ತಿರುಗಿದೆ. ನಮ್ಮ ಕಡೆ ಮನೆಯ ಹಸು ಸತ್ತರೆ ಅರಿಶಿನ ಕುಂಕುಮ ಹಚ್ಚಿ, ಉಪ್ಪು ಹಾಕಿ ಹೂತು, ಮೇಲೊಂದು ತೆಂಗಿನ ಸಸಿ ನೆಡುತ್ತಾರೆ. ಸತ್ತ ಮೇಲೆ ಹಸುವಿಗೇನು ಗೊತ್ತಾಗುತ್ತದೆ ಎಂದು ನಾನು ಕೇಳಿದರೆ ಜನ ತಲೆಯಾಡಿಸಿ, ಮನೆಗೆ ಹೋಗಿ ಸಸಿ ನೆಡುತ್ತಿದ್ದರು.

ಹದ್ದು ಬಿಡುವ ಹಿಂದಿನ ದಿನ ನಮ್ಮ ಮನೆಯ ಮುದಿ ಹಸು ಗೌರಿ ಹೋದಳು. ಯಾವ ಸೂಜಿಯನ್ನೂ ಕಾಣದೆ, ಮಲಗಿದಲ್ಲೇ. ಪಂಜರದ ಬಾಗಿಲು ತೆಗೆದಾಗ ಹೊರಗೆ ಊಟ ಕಾಣದಿದ್ದರೆ ಸಾಕಿದ ಹದ್ದು ಆಚೆ ಕಾಲಿಡುವುದಿಲ್ಲ. ಆ ಊಟ ನಮಗಿನ್ನೂ ಸಿಕ್ಕಿರಲಿಲ್ಲ. ಸಾಹೇಬರಿಗೆ ಫೋನ್ ಮಾಡಿ ರಜೆ ಕೇಳಿದೆ. ಕಾರಣ ತಿಳಿದು ಅವರು ಒಳ್ಳೇ ಸುದ್ದಿ ಎಂದುಬಿಟ್ಟು, ನಾಲಿಗೆ ಕಚ್ಚಿಕೊಂಡು, ಸಂತಾಪ ಹೇಳಿದರು. ಬಂಡೆಗೆ ಕೊಡೋಕೆ ಅಮ್ಮ ಒಪ್ಪುವುದಿಲ್ಲ ಸಾರ್ ಎಂದೆ. ಅಮ್ಮನನ್ನು ನಾನು ಕೇಳಿಯೇ ಇರಲಿಲ್ಲ. ಅಷ್ಟರಲ್ಲಾಗಲೇ ಹಿತ್ತಲಲ್ಲಿ ಗುಂಡಿ ತೋಡಿಸಿ, ಉಪ್ಪಿನ ಮೂಟೆ ತರಿಸಿ, ಸಸಿಯನ್ನೂ ಆರಿಸಿಟ್ಟಿದ್ದೆ. ಶಾಸ್ತ್ರ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ ಅಂತಾರಲ್ಲ, ಹಾಗೆ.

ಅಮ್ಮ ಗೌರಿಯ ಹಣೆಗೆ ಕುಂಕುಮವಿಟ್ಟು ಪಕ್ಕದಲ್ಲೇ ಕೂತಿದ್ದಳು. ನಾನು ಮನೆಯಲ್ಲಿ ಅಭ್ಯಾಸ ಮಾಡುವುದನ್ನು ಕೇಳಿ ಕೇಳಿ ನನ್ನ ಭಾಷಣ ಅವಳಿಗೆ ಬಾಯಿಪಾಠವಾಗಿತ್ತು.

"ಊರೋರ ಹಸುಗೊಂದು ನ್ಯಾಯ, ನಮ್ಮ ಹಸುಗೊಂದು ನ್ಯಾಯಾನಾ?" ಎಂದಳು. "ಇಷ್ಟು ದಿನ ನಮಗೆ ಹಾಲು ಕೊಟ್ಟವಳು, ಹೋಗ್ತಾ ಆ ಪಕ್ಷಿಗಳಿಗೂ ಒಂದೂಟ ಹಾಕ್ಲಿ ಬಿಡಪ್ಪ. ಟ್ರಾಕ್ಟ್ರು ಕರ್ಸು."

ಬೆಳಿಗ್ಗೆ ಗೌರಿಯನ್ನು ಬಂಡೆಯ ಮೇಲಿಳಿಸಿ ಅಮ್ಮನೂ ಸೇರಿ ಎಲ್ಲರೂ ದೂರ ಸರಿದು ಮರೆಯಾದೆವು. ಪಂಜರದ ಬಾಗಿಲು ತೆಗೆದರು. ಹದ್ದುಗಳು ಅನುಮಾನಿಸುತ್ತಾ ಹೊರಗೆ ಬಂದವಂತೆ. ಹೊಟ್ಟೆ ತುಂಬ ತಿಂದು, ಬಿಸಿಲೇರಿದ ಮೇಲೆ ಒಂದೊಂದೇ ಬಂಡೆಯ ಅಂಚಿಗೆ ಹೋಗಿ ರೆಕ್ಕೆ ಬಿಚ್ಚಿದವಂತೆ. ನಾನು ನೋಡಲಿಲ್ಲ. ಅಷ್ಟು ಹೊತ್ತೂ ಟ್ರಾಕ್ಟರಿನ ಹಿಂದೆ ಕೂತು ಅಳುತ್ತಿದ್ದೆ. ವರ್ಷಗಟ್ಟಲೆ ಕಾದಿದ್ದ ಗಳಿಗೆಯನ್ನು ಮನೆಗೆ ಮರಳುವ ದಾರಿಯುದ್ದಕ್ಕೂ ಅಮ್ಮನೇ ನನಗೆ ವರ್ಣಿಸಿದಳು.

ಈಗ ಹಳ್ಳಿಗಳಿಗೆ ಹೋದಾಗ, ಆ ದೃಶ್ಯವನ್ನು ಕಣ್ಣಾರೆ ಕಂಡವನು ನಾನು ಎಂದೇ ಭಾಷಣ ಶುರುಮಾಡುತ್ತೇನೆ. ಮುಂದಿನ ಸಾಲಿನಲ್ಲಿ ಕೂತ ಅಮ್ಮ, ನಾನೆಲ್ಲಾದರೂ ತಪ್ಪಿದರೆ, ತಿದ್ದುತ್ತಾಳೆ.