ಷಡ್ಡಕನ ನೀಲಿ ಫ್ಯಾನು

ನನ್ನ ಷಡ್ಡಕನಿಗೆ ಕತ್ತಲೆಯೆಂದರೆ ಯಾರೋ ಬೇಕೆಂದೇ ಮಾಡಿದ ಅವಮಾನ! ನಾವು ನೀವು ಕತ್ತಲಾದರೆ ಹಾಸಿಗೆ ಹುಡುಕುತ್ತೇವೆ, ಅವನು ವೈರು ಹುಡುಕುತ್ತಾನೆ. ಷಡ್ಡಕ ಎಂದರೆ ನನ್ನ ಹೆಂಡತಿಯ ತಂಗಿಯ ಗಂಡ. ಒಂದೇ ಮನೆಯ ಇಬ್ಬರು ಅಳಿಯಂದಿರ ನಡುವೆ ಇರಬೇಕಾದಷ್ಟು ಪ್ರೀತಿಯೂ ಅದಕ್ಕಿಂತ ತುಸು ಹೆಚ್ಚು ಹೊಟ್ಟೆಕಿಚ್ಚೂ ನಮ್ಮಲ್ಲಿದ್ದವು. ಕಿಚ್ಚೆಲ್ಲ ನನ್ನ ಕಡೆಯದೇ. ಒಂದು ದಿನ ನಾನು ಅವನನ್ನು ನನ್ನ ಅಂಗಡಿಯಿಂದ ಹೊರಗೆ ಹಾಕಿದೆ. ಅದನ್ನು ಹೇಳಿಕೊಳ್ಳಲೆಂದೇ ಈಗ ಕೂತಿದ್ದೇನೆ. ಆದರೆ ಮೊದಲು ನೀವು ನಕ್ಕುಬಿಡಿ. ನಾನೂ ಮೊದಲು ನಕ್ಕವನೇ.

ತೊಂಬತ್ತರ ದಶಕದಲ್ಲಿ ಅವನು ರಾಜೇಶ್ವರದಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ. ದಿನವಿಡೀ ಗಡಗಡ ಎನ್ನುವ ಆ ಗಿರಣಿಯ ಪಕ್ಕದಲ್ಲಿ ನಿಂತು, ಸಂಜೆ ಬಸವಕಲ್ಯಾಣದ ಮನೆಗೆ ಮರಳುವಾಗ ಮೈತುಂಬ ಜೋಳದ ಹಿಟ್ಟು ಮೆತ್ತಿಕೊಂಡು ಅವನೇ ಒಂದು ಟ್ಯೂಬ್‌ಲೈಟಿನಂತೆ ಕಾಣುತ್ತಿದ್ದ. ಅವನ ಮನೆಯಲ್ಲಿ ಬಲ್ಬಿಲ್ಲದ ಮೂಲೆಯೇ ಇರಲಿಲ್ಲ. ಜೋಳದ ಚೀಲಗಳ ಹಿಂದೆ ಒಂದು, ನೀರಿನ ಹಂಡೆಯ ಮೇಲೆ ಒಂದು, ಹೊಸ್ತಿಲ ಹತ್ತಿರ ಚಪ್ಪಲಿಗಳಿಗೇ ಪ್ರತ್ಯೇಕವಾಗಿ ಒಂದು! ಬಚ್ಚಲಿನಲ್ಲಿ ಹಸಿರು ಜೀರೋ ಬಲ್ಬು. ನಮ್ಮ ಮಾವನವರು ಒಮ್ಮೆ ಅಲ್ಲಿ ಸ್ನಾನಕ್ಕೆ ಹೋದವರು ಟವೆಲ್ ಸುತ್ತಿಕೊಂಡು ಬಾಗಿಲಿಗೆ ಬಂದು ಕೂಗಿದರು:

“ಏ ಮಗಳೇ, ನಿನ್ನ ಗಂಡ ನನಗ ಏನ್ ಮಾಡ್ಯಾನ ನೋಡು! ಕೈ ಪೂರಾ ಹಸ್ರ ಆಗ್ಯಾದ, ಎಷ್ಟ್ ತಿಕ್ಕಿದ್ರೂ ಹೋಗವಲ್ದು!”

“ಬೆಳಕ್ರಿ ಮಾಮಾ ಅದು,” ಎಂದ ಷಡ್ಡಕ, ಡಾಕ್ಟರನ ಗಾಂಭೀರ್ಯದಿಂದ. “ತಿಕ್ಕಿದ್ರ ಹೋಗಲ್ಲ. ಹೊರಗ ಬಂದ್ರ ಹೋಗ್ತದ.”

ನಾನು ಹುಮನಾಬಾದಿನವನು. ಓದಿದ್ದು ಮೆಟ್ರಿಕ್, ಆದರೆ ಬೆರಳುಗಳು ಚುರುಕು. ಮೊದಲು ಟೈಪಿಂಗ್ ಕ್ಲಾಸು ನಡೆಸುತ್ತಿದ್ದೆ. ಎರಡು ಸಾವಿರದ ಇಸವಿ ದಾಟಿದ ಮೇಲೆ ಟೈಪ್‌ರೈಟರುಗಳನ್ನು ಗುಜರಿಗೆ ಹಾಕಿ ಕಂಪ್ಯೂಟರ್ ತಂದು ಕೂರಿಸಿದೆ. ಲಗ್ನಪತ್ರಿಕೆ, ಅರ್ಜಿ, ಮಕ್ಕಳ ರಿಸಲ್ಟು, ಇವೇ ನಮ್ಮ ವ್ಯಾಪಾರ. ಅಷ್ಟರಲ್ಲಿ ಷಡ್ಡಕನ ಗಿರಣಿ ನಿಂತುಹೋಗಿತ್ತು. ಹೆಂಡತಿ ನನ್ನ ಕಿವಿ ಕಚ್ಚಿದಳು, ನಾನು ಅವನನ್ನು ಕರೆದೆ. “ನಿನಗ ಕಂಪ್ಯೂಟರ್ ರಿಪೇರಿ ಬರ್ತದೇನಪಾ?” ಎಂದು ಕೇಳಿದರೆ ಅವನ ಉತ್ತರ ಕೇಳಿ:

“ಮಷೀನ್ ಮಷೀನೇ ಅಲ್ಲೇನ್ರಿ ಅಣ್ಣಾ? ಅದು ಜೋಳ ಬೀಸ್ತಿತ್ತು, ಇದು ಅಕ್ಷರ ಬೀಸ್ತದ.”

ಕಲಿತೂ ಕಲಿತ. ಬೆಳಿಗ್ಗೆ ಬಸವಕಲ್ಯಾಣದಿಂದ ಬಸ್ಸಿಗೆ ಬರುವುದು, ಸಂಜೆ ಮರಳುವುದು. ಮನೆ ನಡೆಯುತ್ತಿದ್ದುದೇ ಈ ಕೆಲಸದಿಂದ. ನಮ್ಮ ಅಂಗಡಿ ಹೈದರಾಬಾದ್ ರಸ್ತೆಯ ಮೇಲೆ. ಲಾರಿ ಎಬ್ಬಿಸಿದ ಧೂಳೆಲ್ಲ ನೇರವಾಗಿ ಕಂಪ್ಯೂಟರಿನ ಹೊಟ್ಟೆಗೆ. ಒಂದು ದಿನ ಧೂಳು ಕೊಡವಲು ಡಬ್ಬಿ ಬಿಚ್ಚಿದವನು ಒಳಗೆ ಇಣುಕಿ ನಿಟ್ಟುಸಿರುಬಿಟ್ಟ.

“ಒಳಗ ಎಷ್ಟ್ ಕತ್ತಲ ಅದ ನೋಡ್ರಿ ಅಣ್ಣಾ, ಪಾಪ!”

“ಇದ್ರ ನಿನಗೇನು? ಅದೇನ್ ಒಳಗ ಕುಂತು ಪೇಪರ್ ಓದ್ತದೇನು?”

ನನ್ನ ಮಾತಿಗೆ ಯಾರು ಬೆಲೆ ಕೊಡುತ್ತಾರೆ? ಮರುವಾರವೇ ಹೈದರಾಬಾದಿಗೆ ಹೋಗಿ, ಗಾಜಿನಂತೆ ಆಚೆಯದು ಕಾಣುವ ರೆಕ್ಕೆಗಳ ಪುಟ್ಟ ಫ್ಯಾನುಗಳನ್ನೂ ಒಂದು ಪೊಟ್ಟಣ ಎಲ್‌ಇಡಿಗಳನ್ನೂ ತಂದ. ಕಂಪ್ಯೂಟರ್ ಬಿಸಿಯಾಗದಂತೆ ಡಬ್ಬಿಯ ಹಿಂಬದಿಯಲ್ಲಿ ಒಂದು ಫ್ಯಾನು ತಿರುಗುತ್ತಿರುತ್ತದಲ್ಲ, ಅದರ ಬದಲಿಗೆ ಈ ಹೊಸದನ್ನು ಹಾಕಿ, ಚೌಕಟ್ಟಿನ ನಾಲ್ಕು ಮೂಲೆಗೂ ಕಾಯಿಸಿದ ದಬ್ಬಣದಿಂದ ತೂತು ಹೊಡೆದ. ತೂತಿಗೊಂದು ಎಲ್‌ಇಡಿ, ಮುಖ ಒಳಗೆ, ಕಾಲು ಹೊರಗೆ. ಎಲ್‌ಇಡಿಗೆ ಒಂದು ಉದ್ದ ಕಾಲು, ಒಂದು ಗಿಡ್ಡ ಕಾಲು. ಉದ್ದದ್ದು ಪ್ಲಸ್ಸಿಗೆ ಹೋಗಬೇಕು, ಉಲ್ಟಾ ಬೆಸೆದರೆ ಹತ್ತುವುದೇ ಇಲ್ಲ. ಇದನ್ನು ಅವನು ನನಗೆ ಬಹಳ ಸಲ ಹೇಳಿದ್ದ. ನಾನು ಬಹಳ ಸಲ ಆಕಳಿಸಿದ್ದೆ. ಅಷ್ಟಕ್ಕೆ ಬಿಟ್ಟನೇ? ಡಬ್ಬಿಯ ಪಕ್ಕದ ತಗಡನ್ನು ಹ್ಯಾಕ್ಸಾ ಬ್ಲೇಡಿನಿಂದ ಕೊಯ್ದು, ಗಾಜಿನಂಥ ಪ್ಲಾಸ್ಟಿಕ್ ಹಾಳೆ ಕೂರಿಸಿ ಕಿಟಕಿಯನ್ನೂ ಮಾಡಿದ!

ಸ್ವಿಚ್ ಹಾಕಿದಾಗ, ಸುಳ್ಳೇಕೆ ಹೇಳಲಿ, ನನ್ನ ಬಾಯಿಯೂ ತೆರೆದುಕೊಂಡಿತು. ಫ್ಯಾನು ನೀಲಿ ಬೆಳಕಿನ ಚಕ್ರವಾಗಿತ್ತು. ಹಿಂದಿನ ಗೋಡೆಯ ಮೇಲೆ ಆ ಬೆಳಕು ರೊಟ್ಟಿಯಷ್ಟು ದುಂಡಗೆ ಬಿದ್ದಿತ್ತು. ಇನ್ನೊಂದು ಮಷೀನಿಗೆ ಕೆಂಪು, ಮತ್ತೊಂದಕ್ಕೆ ಹಸಿರು. ಆಮೇಲೆ ಷಡ್ಡಕನಿಗೆ ಹೊಸ ಚಟವೊಂದು ಅಂಟಿಕೊಂಡಿತು. ಕೆಲಸದ ಮಧ್ಯೆ ಆಗಾಗ ತಲೆಯೆತ್ತಿ ಗೋಡೆಯನ್ನೇ ನೋಡುವುದು! ನೀಲಿ ನೋಡಿ, ಕೆಂಪು ನೋಡಿ, ಹಸಿರು ನೋಡಿ, ನೆಮ್ಮದಿಯಿಂದ ಮತ್ತೆ ಕೆಲಸಕ್ಕೆ ಬಗ್ಗುವುದು. ತಾನು ಮಾಡಿದ್ದನ್ನು ತಾನೇ ನೋಡಿ ಹಿಗ್ಗುವ ಇಂಥ ಇನ್ನೊಬ್ಬನನ್ನು ನಾನು ಕಂಡಿಲ್ಲ ಎಂದುಕೊಂಡೆ.

ಗಿರಾಕಿಗಳು ಅವನಿಗಿಂತ ಮುಂದೆ ಹೋದರು. ಲಗ್ನಪತ್ರಿಕೆ ಕೆಂಪು ಮಷೀನಿನಲ್ಲೇ ಆಗಬೇಕು, ಅದು ಕುಂಕುಮದ ಬಣ್ಣ. ಸಾಲದ ಅರ್ಜಿ ಕೆಂಪಿನಲ್ಲಿ ಬೇಡವೇ ಬೇಡ. ದುಬೈಗೆ ಹೋಗುವವರ ಕಾಗದಕ್ಕೆ ನೀಲಿ, ವಿಮಾನ ಹಾರುವುದು ಅಲ್ಲೇ ತಾನೆ? ರಿಸಲ್ಟಿನ ದಿನ ಹಸಿರಿನ ಮುಂದೆ ಮಾತ್ರ ಜಾತ್ರೆ. ಉಳಿದ ಮಷೀನುಗಳ ಮುಂದೆ ನೊಣ ಕೂಡ ಇಲ್ಲ. ಹುಡಗಿ ಎಂಬ ಊರಿನ ರೈತರೊಬ್ಬರು ಮಗನ ನಂಬರು ಹಿಡಿದು ಬಂದರು. ಹಸಿರಿನಲ್ಲಿ ನೋಡಿದೆವು. ಗಣಿತ ಹೋಗಿತ್ತು.

“ನೀಲಿಯಾಗೂ ಒಂದ್ ಸಲ ನೋಡ್ರಲ್ಲಾ.”

“ಯಾವುದರಾಗ ನೋಡಿದ್ರೂ ಅದೇ ಬರ್ತದ್ರಿ,” ಎಂದೆ ನಾನು.

ಆದರೆ ಷಡ್ಡಕ ಎದ್ದು ನೀಲಿಯಲ್ಲಿ ನೋಡಿ, ಕೆಂಪಿನಲ್ಲೂ ನೋಡಿ, “ಗಣಿತ ಮೂರೂ ಕಡಿ ಹೋಗ್ಯಾದ್ರಿ. ಉಳಿದದ್ದೆಲ್ಲಾ ಮೂರೂ ಕಡಿ ಪಾಸ್ ಅದ ನೋಡ್ರಿ!” ಎಂದ. ಆ ಮನುಷ್ಯ ಖುಷಿಯಿಂದ ಅವನ ಬೆನ್ನು ತಟ್ಟಿ ಹೋದರು. ನನ್ನ ಬೆನ್ನು ಅಲ್ಲೇ ಇತ್ತು, ಯಾರೂ ತಟ್ಟಲಿಲ್ಲ.

ಹೊಟ್ಟೆಕಿಚ್ಚು ಶುರುವಾದದ್ದು ಅಲ್ಲಿಂದ. ಬಂದವರೆಲ್ಲ “ಲೈಟಿನವರು ಇಲ್ಲೇನ್ರಿ?” ಎಂದು ಕೇಳುವವರೇ. ಅಂಗಡಿಯ ಮಾಲಕ ನಾನೋ ಅವನೋ? ಅದರ ಮೇಲೆ ಅವನ ಗತ್ತು ನೋಡಬೇಕಿತ್ತು! ಫೋನು ಬಡಿದುಕೊಳ್ಳುತ್ತಿದ್ದರೂ ಎತ್ತುವವನಲ್ಲ. ಹಿಂದಿನಿಂದ ಕರೆದರೆ ಓಗೊಡುವವನಲ್ಲ, ಎದುರು ಹೋಗಿ ನಿಂತರೆ ಮಾತ್ರ “ಏನ್ರಿ ಅಣ್ಣಾ?” ಎಂದು ಮುಖವನ್ನೇ ದಿಟ್ಟಿಸುವುದು. ಕರೆಂಟು ಹೋಗಿ ಕತ್ತಲಾದರಂತೂ ಪೂರಾ ಮೌನ. ಕತ್ತಲಲ್ಲಿ ಮಾತಾಡಿದರೆ ನಾಲಗೆ ಸವೆಯುತ್ತದೇನೋ ಎಂಬಂತೆ ಮೇಣದಬತ್ತಿ ಹಚ್ಚುವತನಕ ತುಟಿ ಬಿಚ್ಚುತ್ತಿರಲಿಲ್ಲ. ಇಷ್ಟೆಲ್ಲ ದಿನವೂ ಕಣ್ಣಾರೆ ಕಂಡವನು ನಾನು. ಆದರೂ ತಲೆಗೆ ಏನಾದರೂ ಹೋಯಿತೇ? ಏನೂ ಇಲ್ಲ!

ಒಂದು ದಿನ ದೊಡ್ಡ ಕಚೇರಿಯ ಸಾಹೇಬರೊಬ್ಬರು ಟೈಪಿಂಗ್ ಕೆಲಸ ಕೊಡಲು ಬಂದರು. ಸುತ್ತ ನೋಡಿ, “ಇದು ಕಂಪ್ಯೂಟರ್ ಸೆಂಟರೋ ಆರ್ಕೆಸ್ಟ್ರಾನೋ?” ಎಂದು ನಕ್ಕು ಕೆಲಸ ಕೊಡದೆ ಹೋದರು. ನನಗೆ ಬೇಕಾಗಿದ್ದುದೂ ಅಷ್ಟೇ. ಷಡ್ಡಕ ಗೋರ್ಟಾದಲ್ಲಿ ಯಾರದೋ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಹೋಗಿದ್ದ ದಿನ ಡಬ್ಬಿಗಳನ್ನೆಲ್ಲ ಬಿಚ್ಚಿ, ಎಲ್‌ಇಡಿಗಳ ವೈರುಗಳನ್ನು ಕಚಕಚ ಕತ್ತರಿಸಿದೆ. ಮರುದಿನ ಬಂದವನು ಮಂಕಾದ ಗೋಡೆ ನೋಡಿ ನಿಂತುಬಿಟ್ಟ.

“ಇಲಿ ಕಡದಾವ ತಮ್ಮಾ,” ಎಂದೆ.

ಅವನು ವೈರಿನ ತುದಿಯನ್ನು ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. “ಅಣ್ಣಾ, ನಿಮ್ಮೂರ ಇಲಿಗೋಳಿಗಿ ಕತ್ತರಿ ಹಿಡಿಯಾಕ ಬರ್ತದೇನ್ರಿ?”

ನಾನು ತುರ್ತಾಗಿ ಚಹಾ ಕುಡಿಯಲು ಹೋದೆ. ಅವನು ಮತ್ತೆ ದೀಪ ಹಚ್ಚುತ್ತೇನೆಂದಾಗ, “ಬ್ಯಾಡ, ಸಾಕಿನ್ನ,” ಎಂದೆ. ಅವನು ಒತ್ತಾಯಿಸಲಿಲ್ಲ. ಆದರೆ ಅಂದಿನಿಂದ ನಿಮಿಷಕ್ಕೊಮ್ಮೆ ಎದ್ದು ಹೋಗಿ ಒಂದೊಂದು ಡಬ್ಬಿಯ ಮೇಲೂ ಅಂಗೈ ಇಟ್ಟು ಬರತೊಡಗಿದ, ಜ್ವರ ಬಂದ ಮಕ್ಕಳ ಹಣೆ ಮುಟ್ಟಿದ ಹಾಗೆ. ಅದಕ್ಕೂ ನಾನು ನಕ್ಕೆ.

ಬೇಸಗೆ ಬಂತು. ಒಂದು ಮಧ್ಯಾಹ್ನ ನಾನು ಚಹಾ ಕುಡಿದು ಬರುವಷ್ಟರಲ್ಲಿ ಅಂಗಡಿಯ ತುಂಬ ಹೊಗೆ! ಕೆಂಪು ಮಷೀನಿನ ಫ್ಯಾನು ಧೂಳು ಕಚ್ಚಿ ನಿಂತು ಒಳಗಿನದೆಲ್ಲ ಸುಟ್ಟಿತ್ತು. ಅಂದು ಅಚ್ಚಿಗೆ ಹೋಗಬೇಕಿದ್ದ ಲಗ್ನಪತ್ರಿಕೆಯೂ ಅದರೊಳಗೇ ಹೋಗಿತ್ತು. ವಧುವಿನ ತಂದೆ ಬಾಗಿಲಲ್ಲೇ ನಿಂತಿದ್ದರು.

“ಆವಾಗಿಂದ ಕರ್ ಕರ್ ಅಂತ ಒದರಾಕತ್ತಿತ್ತು,” ಎಂದರು ಅವರು. “ನಾ ಕೂಗಿ ಕೂಗಿ ಹೈರಾಣಾದ್ನಿ. ಈ ಮನುಷ್ಯ ಪಕ್ಕದಾಗೇ ಕುಂತು ಏನೋ ಬೆಸೀಲಿಕತ್ತಾನ, ಹೊಳ್ಳಿ ಸಹಿತ ನೋಡ್ಲಿಲ್ಲ!”

ನನ್ನ ಬಾಯಿಂದ ಆ ಮಾತು ಬಂತು. “ಬಾಜೂಕೇ ಕುಂತಿ, ಕಿವಿ ಎಲ್ಲಿ ಅಡ ಇಟ್ಟು ಬಂದೀಯೋ? ನಾಳಿಂದ ಬರಬ್ಯಾಡ!”

ಅವನು ನನ್ನ ಮುಖವನ್ನೇ ನೋಡುತ್ತಿದ್ದ, ಒಂದಕ್ಷರವೂ ತಪ್ಪಿಹೋಗದ ಹಾಗೆ. “ನಂದೇ ತಪ್ಪ್ರಿ ಅಣ್ಣಾ,” ಎಂದು ಚೀಲ ಎತ್ತಿಕೊಂಡು ಬಸ್ ನಿಲ್ದಾಣದ ಕಡೆ ನಡೆದ. ವೈರಿನ ಮಾತು ಎತ್ತಲಿಲ್ಲ. ಇಲಿಯ ಮಾತೂ ಎತ್ತಲಿಲ್ಲ.

ಮುಂದಿನ ಭಾನುವಾರ ನನ್ನ ನಾದಿನಿ, ಅವನ ಹೆಂಡತಿ, ನಮ್ಮ ಮನೆಗೆ ಬಂದಳು. ಜಗಳಕ್ಕೆ ಬಂದಳೆಂದು ನಾನು ಹಿತ್ತಲಿಗೆ ಹೋಗುವ ದಾರಿ ನೋಡುತ್ತಿದ್ದೆ. ಅವಳು ಜಗಳವಾಡಲಿಲ್ಲ.

“ಭಾವಾರ, ಅವ್ರಿಗಿ ಕೇಳ್ಸಲ್ರಿ,” ಎಂದಳು. “ಗಿರಣಿಯಾಗ ಇದ್ದಾಗೇ ಒಂದ್ ಕಿವಿ ಪೂರಾ ಹೋಗಿತ್ತು. ಇನ್ನೊಂದೂ ಹೋಗೇ ಬಿಡ್ತು. ತುಟಿ ನೋಡಿ ಮಾತ ತಿಳ್ಕೋತಾರ.”

“ನಮಗ ಯಾಕ ಹೇಳ್ಲಿಲ್ಲ?”

“ಮಗಳಿಗಿ ಕಿವುಡನ ಕೈಯಾಗ ಕೊಟ್ವಲ್ಲಾ ಅಂತ ಅಪ್ಪ ಮರುಗ್ತಾನ, ನೀವ್ ಕೆಲಸಾ ಬಿಡಿಸ್ತೀರಿ ಅಂತ ಅವ್ರಿಗಿ ಅಂಜಿಕಿ. ಫ್ಯಾನ್ ತಿರುಗೋದು ಕೇಳ್ಸಲ್ಲ, ಅದಕ್ಕೇ ಲೈಟ್ ಹಚ್ಚಿದ್ರು. ಫ್ಯಾನ್ ತಿರುಗಿದ್ರ ಗೋಡಿ ಮ್ಯಾಲ ಬೆಳಕು ದುಂಡಗ ಬೀಳ್ತದಂತ, ನಿಂತ್ರ ರೆಕ್ಕಿ ನೆರಳ ಬೀಳ್ತದಂತ. ಕುಂತಲ್ಲೇ ತಿಳೀತದಂತ.”

ಬಚ್ಚಲಿನ ಬಲ್ಬು, ಚಪ್ಪಲಿಯ ಬಲ್ಬು, ಮೇಣದಬತ್ತಿ, ಎತ್ತದ ಫೋನು, ಎಲ್ಲ ಒಟ್ಟಿಗೇ ನನ್ನ ಮುಂದೆ ಬಂದು ನಿಂತವು. ನಾನು ಕತ್ತರಿಸಿದ್ದು ವೈರನ್ನಲ್ಲ.

ಕ್ಷಮೆ ಕೇಳಬೇಕು, ಹೇಗೆ? ಬಾಯಿ ಬರಲಿಲ್ಲ. ಕೈಯಾದರೂ ಬರಲಿ ಎಂದು ಎಲ್‌ಇಡಿ ತರಿಸಿ, ನೀಲಿ ಮಷೀನಿನ ಫ್ಯಾನಿಗೆ ನಾನೇ ಬೆಸೆಯಲು ಕೂತೆ. ಎರಡು ಬೆರಳು ಸುಟ್ಟುಕೊಂಡೆ, ಲುಂಗಿಗೊಂದು ತೂತು ಮಾಡಿಕೊಂಡೆ. ಸ್ವಿಚ್ ಹಾಕಿದರೆ ಒಂದೂ ಹತ್ತಲಿಲ್ಲ! ಕೊನೆಗೆ ಬಸ್ಸು ಹತ್ತಿ ಬಸವಕಲ್ಯಾಣಕ್ಕೆ ಹೋಗಿ ಅವನ ಎದುರು ನಿಂತು, “ಹತ್ತವಲ್ದು ತಮ್ಮಾ, ಜರಾ ಬಾ,” ಎಂದೆ. ಏನು ಹತ್ತದು ಎಂದು ಕೂಡ ಅವನು ಕೇಳಲಿಲ್ಲ. ಅಂಗಿ ಹಾಕಿಕೊಂಡು ಹೊರಟ.

ನಾವು ಅಂಗಡಿ ಮುಟ್ಟುವಾಗ ಕರೆಂಟು ಹೋಗಿತ್ತು. ಬಿಸಿಲಿಗೆ ಶಟರ್ ಅರ್ಧ ಎಳೆದಿದ್ದರಿಂದ ಒಳಗೆ ಕತ್ತಲು. ಅವನು ಟಾರ್ಚು ಹಲ್ಲಲ್ಲಿ ಕಚ್ಚಿಕೊಂಡು ಡಬ್ಬಿ ಬಿಚ್ಚಿದ. ನನ್ನ ಕೆಲಸ ನೋಡಿ, ಟಾರ್ಚು ಕೈಗೆ ತೆಗೆದುಕೊಂಡು ಹೆಗಲು ಕುಲುಕಿಸಿ ನಕ್ಕ.

“ನಾಕೂ ಉಲ್ಟಾ ಬೆಸದೀರಲ್ರಿ ಅಣ್ಣಾ! ಒಂದಾದ್ರೂ ತಪ್ಪಿ ಬರೋಬ್ಬರಿ ಆಗಬ್ಯಾಡೇನು?”

ಟಾರ್ಚನ್ನು ಮತ್ತೆ ಕಚ್ಚಿಕೊಂಡು, ಬ್ಯಾಟರಿಯಿಂದ ಕಾಯುವ ಪುಟ್ಟ ಬೆಸುಗೆ ಕಡ್ಡಿಯಿಂದ ಉದ್ದ ಕಾಲು, ಗಿಡ್ಡ ಕಾಲು ಅದಲುಬದಲು ಮಾಡತೊಡಗಿದ. ನಾನು ಅವನ ಬೆನ್ನ ಹಿಂದೆ ನಿಂತಿದ್ದೆ. ಹೇಡಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕೆ? ಹೇಳಬೇಕಾದದ್ದನ್ನೆಲ್ಲ ಅಲ್ಲಿಂದಲೇ ಹೇಳತೊಡಗಿದೆ. ತಪ್ಪಾಯಿತು ಎಂದೆ, ನಾಳೆಯಿಂದ ಬಾ ಎಂದೆ. ನಡುವೆಯೇ ಅವನು ಯುಪಿಎಸ್ ಒತ್ತಿದ. ಫ್ಯಾನು ತಿರುಗಿತು, ನೀಲಿ ಬೆಳಕು ತುಂಬಿತು, ಡಬ್ಬಿಯ ಪ್ಲಾಸ್ಟಿಕ್ ಕಿಟಕಿಯಲ್ಲಿ ನನ್ನ ಮುಖ ಮೂಡಿತು. ಬಾಯಿ ಇನ್ನೂ ಅಲ್ಲಾಡುತ್ತಲೇ ಇತ್ತು.

“ಅಣ್ಣಾ, ಏನೋ ಅನ್ನಾಕತ್ತೀರಿ,” ಎಂದ ಅವನು, ತಿರುಗದೆಯೇ. “ಬಾಯಿ ಕಾಣ್ತು, ಮಾತ ಕಾಣ್ಲಿಲ್ಲ. ಬೆಳಕಿಗಿ ಬಂದು ಅನ್ರಿ.”

ನಾನು ಅವನ ಎದುರು ನೆಲದ ಮೇಲೆ ಕೂತು, ಮುಖವನ್ನು ಫ್ಯಾನಿನ ಹತ್ತಿರ ತಂದು, ಮೊದಲಿನಿಂದ ಎಲ್ಲ ಹೇಳಿದೆ. ಅವನು ನನ್ನ ತುಟಿಗಳನ್ನೇ ನೋಡುತ್ತ ಕೂತ. ಮುಗಿದ ಮೇಲೆ ಒಮ್ಮೆ ತಲೆಯೆತ್ತಿ ಗೋಡೆ ನೋಡಿದ. ಬೆಳಕು ದುಂಡಗೇ ಇತ್ತು.

“ಇಲಿದೂ ಹೇಳ್ರಿ,” ಎಂದ.

ಅದನ್ನೂ ಹೇಳಿದೆ, ಕತ್ತರಿ ಸಮೇತ.