ಎಸಿ ಭಾವನ ಸೆಖೆಯಿಲ್ಲದ ಮನೆ

ಇನ್ನೂ ಕಟ್ಟದ ಮನೆಯ ಊಟದ ಕೋಣೆಯಲ್ಲಿ ಕೂತು ಊಟ ಮಾಡುವ ಮನುಷ್ಯರನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಂಡದ್ದೇನು ಬಂತು, ಅವರು ನನ್ನ ಸ್ವಂತ ಅಕ್ಕನ ಗಂಡ!

ಭಾವ ಗಲ್ಫಿನಲ್ಲಿ ಎಸಿ ಮೆಕ್ಯಾನಿಕ್ ಆಗಿದ್ದವರು. ಮರಳುಗಾಡಿನಲ್ಲಿ ಗಾಜಿನ ಕಟ್ಟಡ ಎಬ್ಬಿಸಿದವರು ಬೇರೆ. ಅದರೊಳಗಿನ ಜನ ಇಡ್ಲಿಯ ಹಾಗೆ ಬೇಯದಂತೆ ನೋಡಿಕೊಂಡವರು ನಮ್ಮ ಭಾವ. ತೊಂಬತ್ತರ ದಶಕದ ಕೊನೆಯಲ್ಲಿ 'ಇನ್ನು ಸಾಕು' ಎಂದು ಊರಿಗೆ ಬಂದು ಅಲೆವೂರಿನಲ್ಲಿ ಜಾಗ ತೆಗೆದುಕೊಂಡರು. ಊರವರಿಗೆ ಮುಂದಿನದ್ದೆಲ್ಲ ಬಾಯಿಪಾಠ. ಗಲ್ಫಿನಿಂದ ಬಂದವರು ಎಂದ ಮೇಲೆ ಎರಡು ಮಾಳಿಗೆ, ಎದುರಿಗೆ ಕಪ್ಪು ಗಾಜು, ಕೋಣೆ ಕೋಣೆಗೂ ಎಸಿ. ಅದೂ ಎಸಿ ಮೆಕ್ಯಾನಿಕ್ಕನ ಮನೆ! ಬಚ್ಚಲಲ್ಲೂ ಎಸಿ ಇದ್ದೀತು ಎಂದು ಕೆಲವರು ಮಾತಾಡಿಕೊಂಡರು.

ಭಾವ ಮಾಡಿದ್ದೇನು? ಒಂದು ಪ್ಲಾಸ್ಟಿಕ್ ಕುರ್ಚಿ, ಒಂದು ಕೊಡೆ, ಚಹಾ ಕಾಸಲು ಮೂರು ಕಲ್ಲು ಇಷ್ಟನ್ನು ಖಾಲಿ ಜಾಗಕ್ಕೆ ಸಾಗಿಸಿದರು. ಸುಣ್ಣದ ಪುಡಿಯಲ್ಲಿ ನೆಲದ ಮೇಲೆ ಕೋಣೆಗಳ ಗೆರೆ ಎಳೆದರು. ಮತ್ತೆ ಅಲ್ಲೇ ಸಂಸಾರ ಹೂಡಿದರು! ಬೆಳಿಗ್ಗೆ ಚಾವಡಿಯಲ್ಲಿ ಪೇಪರು ಓದುವುದು, ಮಧ್ಯಾಹ್ನ ಊಟದ ಕೋಣೆಯಲ್ಲಿ ಬುತ್ತಿ ಬಿಚ್ಚುವುದು, ಬಿಸಿಲು ಬಿದ್ದಲ್ಲಿಂದ ಕುರ್ಚಿ ಎಳೆದುಕೊಂಡು ಮಲಗುವ ಕೋಣೆಗೆ ಹೋಗುವುದು. ಮೂಲೆಮೂಲೆಗೆ ಕೋಲು ನೆಟ್ಟು, ತುದಿಗೆ ಅಕ್ಕನ ಹಳೆಯ ಸೀರೆಯ ಚೂರು ಕಟ್ಟಿ, ಗಾಳಿ ಯಾವ ಹೊತ್ತಿಗೆ ಯಾವ ಕಡೆಯಿಂದ ಬರುತ್ತದೆ ಎಂದು ನೋಡುತ್ತಿದ್ದರು.

ನಾನಾಗ ಉಡುಪಿಯಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದೆ. ಒಂದು ಭಾನುವಾರ ಸಮಾಚಾರ ತಿಳಿಯೋಣವೆಂದು ಹೋದೆ. ನನ್ನನ್ನು ಕಂಡದ್ದೇ ಭಾವ ಎದ್ದು ನಿಂತು ಕೂಗಿದರು.

"ಅಯ್ಯೋ ಮಾರಾಯ, ಗೋಡೆಯಲ್ಲೇ ಬರ್ತಾ ಇದ್ದೀಯಲ್ಲ! ಬಾಗಿಲು ಅಲ್ಲುಂಟು!"

ನಾನು ಬೆಚ್ಚಿಬಿದ್ದು ಹಿಂದೆ ಸರಿದು, ಸುತ್ತು ಹಾಕಿ, ಇಲ್ಲದ ಬಾಗಿಲಿನಿಂದ ಒಳಗೆ ಹೋದೆ. ಏನು ಹೇಳಲಿ, ಹೊಸ್ತಿಲ ಹತ್ತಿರ ಚಪ್ಪಲಿಯನ್ನೂ ಕಳಚಿಟ್ಟೆ!

ಅಕ್ಕನ ಸಂಕಟ ಮಾತ್ರ ನಗುವಂಥದ್ದಾಗಿರಲಿಲ್ಲ. "ಇವರು ಹೆಂಚಿನ ಮನೆ ಕಟ್ಟಿಸ್ತಾರಂತೆ" ಎಂದು ನನ್ನ ಹತ್ತಿರ ಕಣ್ಣೀರು ಹಾಕಿದಳು. "ಮದುವೆಯಾಗಿ ಬಂದಲ್ಲಿಂದ ಮಳೆಗಾಲ ಇಡೀ ಸೋರುವ ಕಡೆಗೆಲ್ಲ ಪಾತ್ರೆ ಇಟ್ಟು ನನ್ನ ಆಯುಷ್ಯ ಮುಗೀತು. ಒಂದು ಟೆರೇಸ್ ಮನೆ ಬೇಕು ಅಂತ ಆಸೆ ಪಟ್ಟದ್ದು ತಪ್ಪಾ? ನಾಲ್ಕು ಹಪ್ಪಳ ಒಣಗಿಸ್ಲಿಕ್ಕೆ ಒಂದು ಟೆರೇಸ್ ಬೇಡ್ವಾ?"

ನಾನು ಇದನ್ನು ಭಾವನಿಗೆ ಮುಟ್ಟಿಸಿದೆ. ಅವರ ಮುಖ ಸಣ್ಣದಾಯಿತು. "ಅವಳು ಹೇಳುವುದೂ ಹೌದು" ಎಂದರು. "ಆದ್ರೆ ಆ ಕಾಂಕ್ರೀಟು ಹಗಲಿಡೀ ಬಿಸಿಲು ಕುಡಿದು ಸಂಜೆಗೆ ನಮ್ಮ ಮಂಡೆ ಮೇಲೆ ಉಗುಳ್ತದೆ ಮಾರಾಯ. ಮತ್ತೆ ಅದಕ್ಕೊಂದು ಎಸಿ. ಎಸಿ ಅಂದ್ರೆ ಎಂತ ಗೊತ್ತುಂಟಾ ನಿಂಗೆ? ಒಳಗಿನ ಸೆಖೆಯನ್ನು ಹೊರಗಿದ್ದವನ ಮುಖಕ್ಕೆ ಬಿಸಾಡುವ ಯಂತ್ರ. ಆ ಹೊರಗಿದ್ದವನು ನಾನೇ!"

ಇಂಜಿನಿಯರುಗಳು ಬಂದರು, ಹೋದರು. ಎಲ್ಲರೂ ಗೋಡೆಯಲ್ಲೇ ಬಂದವರು. ಕೊನೆಗೆ ಕಾರ್ಕಳದಿಂದ ಒಬ್ಬ ಹೆಣ್ಣುಮಗಳು ಬಂದಳು. ನಿಟ್ಟೆಯಲ್ಲಿ ಓದಿ, ಆಗಷ್ಟೇ ಸ್ವಂತ ಕೆಲಸ ಶುರು ಮಾಡಿದ್ದ ಸಿವಿಲ್ ಇಂಜಿನಿಯರು. ಸ್ಕೂಟಿ ನಿಲ್ಲಿಸಿ, ಸುಣ್ಣದ ಗೆರೆಯ ಹತ್ತಿರ ನಿಂತು ಆಚೀಚೆ ನೋಡಿ ಕೇಳಿದಳು.

"ಸರ್, ಬಾಗಿಲು ಯಾವ ಕಡೆ?"

ಭಾವನಿಗೆ ಆನಂದಬಾಷ್ಪ ಬರುವುದೊಂದು ಬಾಕಿ! ಸಂದರ್ಶನ ಅಲ್ಲಿಗೇ ಮುಗಿಯಿತು, ಕೆಲಸ ಅವಳಿಗೇ. ಆದರೆ ಅವಳು ಒಳಗೆ ಬಂದವಳೇ ಮೂಗು ಅರಳಿಸಿ, "ನಿಮ್ಮ ಅಡಿಗೆಮನೆ ತಪ್ಪು ಜಾಗದಲ್ಲಿ ಉಂಟು ಸರ್. ಕಡಲ ಗಾಳಿ ಎದ್ದ ಕೂಡಲೇ ಹೊಗೆ ಎಲ್ಲ ಮಲಗುವ ಕೋಣೆಗೇ ಬರ್ತದೆ" ಎಂದಳು.

"ಹೌದಲ್ಲಾ! ನಾನು ಕೆಮ್ಮುದು ಬೀಡಿಯಿಂದ ಅಂತ ಎಣಿಸಿದ್ದೆ" ಎಂದು ಭಾವ ಆ ಕ್ಷಣವೇ ಕಾಲಿನಲ್ಲಿ ಗೆರೆ ಅಳಿಸಿ ಅಡಿಗೆಮನೆಯನ್ನು ಪೂರ್ವಕ್ಕೆ ಸ್ಥಳಾಂತರಿಸಿದರು. ಇಷ್ಟು ಸುಲಭವಾಗಿ ಒಂದು ಗೋಡೆ ಒಡೆದದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಅಲ್ಲಿಂದ ಮುಂದೆ ಹುಚ್ಚು ಭಾವನದ್ದು, ಲೆಕ್ಕಾಚಾರ ಇಂಜಿನಿಯರಮ್ಮನದ್ದು. ಮುಕ್ಕಾಲು ಮನೆಗೆ ಹೆಂಚು, ಉಳಿದ ಕಾಲು ಭಾಗಕ್ಕೆ ಟೆರೇಸು ಎಂದು ಅಕ್ಕನ ಹಪ್ಪಳದ ವ್ಯಾಜ್ಯವನ್ನು ತೀರ್ಮಾನಿಸಿದ್ದು ಅವಳೇ. ಆ ಟೆರೇಸಿಗೂ ಸ್ಲ್ಯಾಬಿನ ನಡುನಡುವೆ ಹಳೆಯ ಹೆಂಚು ಹುದುಗಿಸಿ, ಸಿಮೆಂಟು ಕಮ್ಮಿ ಮಾಡಿ, ಸೆಖೆ ಇಳಿಯದ ಹಾಗೆ ಮಾಡಿದಳು. ಗೋಡೆಗೆ ನಮ್ಮದೇ ಕೆಂಪು ಮುರಕಲ್ಲು. ಅದಕ್ಕೆ ಸಾರಣೆ ಇಲ್ಲ, ಬಣ್ಣ ಇಲ್ಲ. ಜಾಗದ ನಡುವೆ ಇದ್ದ ಹಲಸಿನ ಮರಕ್ಕೆ ಕೊಡಲಿ ತಾಗಿಸದೆ ಚಾವಡಿಯನ್ನೇ ಸ್ವಲ್ಪ ಸೊಟ್ಟ ಮಾಡಿದಳು.

ಆದರೆ ಎಲ್ಲದಕ್ಕಿಂತ ಮೊದಲು ಎದ್ದು ನಿಂತದ್ದು ಮನೆಯಲ್ಲ, ಕೆಲಸದವರ ಶೆಡ್ಡು. ಬಾಗಲಕೋಟೆ ಕಡೆಯಿಂದ ಬಂದ ಮೇಸ್ತ್ರಿ, ಅವನ ಹೆಂಡತಿ, ಇನ್ನಷ್ಟು ಜನ. ಎಲ್ಲ ಕಡೆ ಅವರಿಗೆ ನೀಲಿ ಪ್ಲಾಸ್ಟಿಕ್ ಶೀಟಿನ ಗುಡಾರವಾದರೆ, ಭಾವನ ಜಾಗದಲ್ಲಿ ಹೆಂಚಿನ ಮಾಡು, ಕಿಟಕಿ, ಪಾಯಿಖಾನೆ! ಪಕ್ಕದ ಮನೆಯ ಶೆಟ್ಟರು ಬೇಲಿಯ ಆಚೆಯಿಂದ ಇಣುಕಿ, "ಎಂತ ಇವರೇ, ಮನೆ ಇಷ್ಟೇಯಾ?" ಎಂದು ಕೇಳಿದರು. ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಮೇಸ್ತ್ರಿ ಮಾತ್ರ ಶೆಡ್ಡಿನೊಳಗೆ ಒಂದು ಸುತ್ತು ಹೊಡೆದು ಬಂದು ಗಂಭೀರವಾಗಿ ಹೇಳಿದ.

"ಸಾಹೇಬ್ರ, ಇಷ್ಟ್ ಚಲೋ ಇಟ್ರ ನಾವು ಕೆಲಸ ಜಲ್ದಿ ಮುಗಸೂದಿಲ್ಲ ನೋಡ್ರಿ!"

"ಮುಗಿಸ್ಬೇಡಿ ಮಾರಾಯ್ರೆ" ಎಂದು ಭಾವ ನಕ್ಕರು. ಆಮೇಲೆ ನನ್ನ ಕಡೆ ತಿರುಗಿ, "ಅಲ್ಲಿ ನಾವು ಎಸಿ ಕೂರಿಸುವವರು ಮಲಗ್ತಾ ಇದ್ದದ್ದು ತಗಡಿನ ಕೋಣೆಯಲ್ಲಿ" ಎಂದಷ್ಟೇ ಹೇಳಿ ಕಲ್ಲು ಇಳಿಸುವಲ್ಲಿಗೆ ಹೋದರು.

ಇನ್ನು ಮರಮಟ್ಟಿನ ಕತೆ. ಹೊಸ ಮರ ಕಡಿಯುವುದಿಲ್ಲ ಎಂದು ಭಾವನ ಹಠ. ಹಾಗಾಗಿ ಕಾಪುವಿನಿಂದ ಕಾರ್ಕಳದವರೆಗೆ ಎಲ್ಲಿ ಹಳೆಯ ಮನೆ ಕೆಡವುತ್ತಾರೋ ಅಲ್ಲಿ ಭಾವ ಹಾಜರು. ಆ ವರ್ಷಗಳಲ್ಲಿ ಕೆಡವುವ ಮನೆಗಳಿಗೇನು ಬರವೇ? ಟೆಂಪೊ ತುಂಬ ಬಾಗಿಲು, ಮಾಡಿನ ಪಕ್ಕಾಸು, ಹೆಂಚು ತರುತ್ತಿದ್ದರು. ಒಂದು ಕಿಟಕಿ ಕಾಪುವಿನದ್ದು, ಅದರ ಸರಳು ಇನ್ನೆಲ್ಲಿಯದೋ. ಅಭ್ಯಾಸ ಎಷ್ಟು ಬೆಳೆಯಿತೆಂದರೆ, ಯಾರ ಮನೆಗೆ ಹೋದರೂ ಮೊದಲು ಮಾಡಿನ ಕಡೆ ನೋಡುವುದು! ಎರ್ಮಾಳಿನಲ್ಲಿ ನಮ್ಮ ದೂರದ ಸಂಬಂಧಿಕರೊಬ್ಬರು ತೀರಿಕೊಂಡಾಗ ನಾವಿಬ್ಬರೂ ಹೋಗಿದ್ದೆವು. ಎಲ್ಲರೂ ತಲೆ ತಗ್ಗಿಸಿ ಕೂತಿದ್ದರೆ ಭಾವ ಒಬ್ಬರೇ ಕತ್ತು ಎತ್ತಿ, ಕಣ್ಣು ಮಿಟುಕಿಸದೆ, ಮಾಡಿನ ತೊಲೆಯನ್ನೇ ನೋಡುತ್ತಿದ್ದಾರೆ. ನಾನು ಮೊಣಕೈಯಿಂದ ತಿವಿದೆ. ಊಹೂಂ. ಅಷ್ಟರಲ್ಲಿ ಸತ್ತವರ ಮಗ ಬಂದು ಭಾವನ ಕೈ ಹಿಡಿದುಕೊಂಡ.

"ನೀವಾದರೂ ಅತ್ತುಬಿಡಿ ಭಾವ. ಹೀಗೆ ಮೇಲೆ ನೋಡಿ ತಡ್ಕೊಂಡ್ರೆ ಎದೆ ಒಡೆದು ಹೋಗ್ತದೆ."

ಭಾವ ನಿಜವಾಗಿಯೂ ಅತ್ತುಬಿಟ್ಟರು. ತೊಲೆ ಈಗ ಎಲ್ಲೂ ಸಿಗದ ಬೋಗಿ ಮರದ್ದಂತೆ.

ಗೃಹಪ್ರವೇಶವನ್ನು ಭಾವ ಬೇಕೆಂದೇ ಮೇ ತಿಂಗಳ ಕೆಟ್ಟ ಸೆಖೆಯಲ್ಲಿ ಇಟ್ಟುಕೊಂಡರು. ಕರಾವಳಿಯ ಮೇ ತಿಂಗಳು ಅನುಭವಿಸಿದವರಿಗೇ ಗೊತ್ತು. ಮಿಂದು ಮೈ ಒರೆಸಿಕೊಳ್ಳುವಷ್ಟರಲ್ಲಿ ಬೆವರು ಇನ್ನೊಂದು ಸ್ನಾನ ಮಾಡಿಸುತ್ತದೆ. ಬಂದ ನೆಂಟರು ಅಂಗಳದಲ್ಲಿ ಬೀಸಣಿಗೆಯಂತೆ ಆಮಂತ್ರಣ ಪತ್ರಿಕೆ ಬೀಸಿಕೊಳ್ಳುತ್ತ, 'ಪಾಪ, ಹಣ ಮುಗಿದಿರಬೇಕು, ಸಾರಣೆಗೂ ಗತಿಯಿಲ್ಲ' ಎನ್ನುತ್ತ ಒಳಗೆ ಕಾಲಿಟ್ಟರು. ಕಾಲಿಟ್ಟವರ ಕೈಯ ಪತ್ರಿಕೆ ಬೀಸುವುದು ನಿಂತಿತು.

ಅದನ್ನು ಹೇಗೆ ವರ್ಣಿಸಲಿ? ನಾನು ಆ ಮನೆ ಕಟ್ಟುವುದನ್ನು ಮೊದಲಿನಿಂದ ನೋಡಿದವನು. ಆದರೂ ಹೊಸ್ತಿಲು ದಾಟಿದ ಕೂಡಲೇ ಯಾರೋ ತಣ್ಣನೆಯ ಅಂಗೈಯನ್ನು ಹಣೆಯ ಮೇಲೆ ಇಟ್ಟಂತಾಯಿತು. ಕಾಲಡಿಯಲ್ಲಿ ಕೆಂಪು ಕಾವಿಯ ನೆಲ ತಂಪು. ಮೇಲೆ ಎತ್ತರದ ಮಾಡಿನ ಸಂದಿನಿಂದ ಬಿಸಿಗಾಳಿ ಹೊರಗೆ ಹೋಗುತ್ತಿತ್ತು, ಕೆಳಗೆ ಪಶ್ಚಿಮದ ಕಿಟಕಿಗಳಿಂದ ಕಡಲ ಗಾಳಿ ಹಲಸಿನ ನೆರಳಿನಲ್ಲಿ ತೊಳೆದುಕೊಂಡು ಒಳಗೆ ಬರುತ್ತಿತ್ತು. ಹೋಮದ ಹೊಗೆ ಕೂಡ ಭಟ್ಟರ ಕಣ್ಣಿಗೆ ಹೋಗದೆ ಆ ಗಾಳಿಯ ಜೊತೆ ಮೇಲಕ್ಕೆ ಏರಿತು. ಅರ್ಧ ಮಂತ್ರ ಮುಗಿಸಿದ ಭಟ್ಟರು ಹೇಳಿದರು.

"ಫ್ಯಾನು ಸ್ವಲ್ಪ ಕಡಿಮೆ ಮಾಡಿ, ದೀಪ ಆರ್ತದೆ."

"ಫ್ಯಾನಿಲ್ಲ ಭಟ್ರೆ. ಕರೆಂಟು ಹೋಗಿ ಎಷ್ಟೋ ಹೊತ್ತಾಯ್ತು!" ಎಂದರು ಭಾವ.

ಮಂತ್ರ ಮರೆತು ಭಟ್ಟರು ಮೇಲೆ ನೋಡಿದರು. ಅವರನ್ನು ಕಂಡು ಎಲ್ಲರೂ ಮೇಲೆ ನೋಡಿದರು. ಎಷ್ಟೋ ಮನೆಗಳಿಂದ ಬಂದ ಹಳೆಯ ಪಕ್ಕಾಸುಗಳು, ಅವುಗಳ ನಡುವಿನ ಗಾಜಿನ ಹೆಂಚಿನಿಂದ ಇಳಿದ ಬಿಸಿಲಿನ ಕೋಲು, ಅದರಲ್ಲಿ ನಿಧಾನ ತಿರುಗುವ ಹೊಗೆ. ಊಟವಾದ ಮೇಲೆ ಯಾರೂ ಏಳಲೊಲ್ಲರು! ಬಸ್ಸಿನ ಹೊತ್ತಾಯಿತೆಂದು ಸದಾ ಗಡಿಬಿಡಿ ಮಾಡುವ ನಮ್ಮ ಸೋದರತ್ತೆ ನೆಲಕ್ಕೆ ಬೆನ್ನು ಕೊಟ್ಟು ಗೊರಕೆ ಹೊಡೆದರು. ಪಕ್ಕದ ಎಸಿ ಮನೆಯ ಶೆಟ್ಟರು ಕಂಬಕ್ಕೆ ಒರಗಿ ಕೂತವರು, "ನಮ್ಮಲ್ಲಿ ಈಗ ಒಲೆಯ ಒಳಗೆ ಕೂತ ಹಾಗೆ ಆಗಿರ್ತದೆ" ಎಂದು ಸಂಜೆಯವರೆಗೆ ಮನೆಗೆ ಹೋಗಲಿಲ್ಲ.

ಇಷ್ಟು ಹೊಗಳಿದೆನೆಂದು ಭಾವನನ್ನು ಸರ್ವಜ್ಞ ಎಂದುಕೊಳ್ಳಬೇಡಿ. ಮಾಡಿನ ಮಳೆನೀರನ್ನೆಲ್ಲ ಬಾವಿಗೆ ಬಿಡುವುದು ಅವರ ಮತ್ತೊಂದು ಯೋಜನೆ. ನೀರು ಮೊದಲು ಮರಳು, ಇದ್ದಿಲು, ಜಲ್ಲಿಯ ತೊಟ್ಟಿಯಲ್ಲಿ ಸೋಸಬೇಕು, ಮೊದಲ ಮಳೆಯನ್ನಂತೂ ಹೊರಗೇ ಬಿಡಬೇಕು ಎಂದು ಇಂಜಿನಿಯರಮ್ಮ ಸಾರಿ ಸಾರಿ ಹೇಳಿದ್ದಳು. ತೊಟ್ಟಿಯ ಕೆಲಸ ಮುಗಿಯುವ ಮೊದಲೇ ಜೂನ್ ಬಂತು. ಆಕಾಶದ ನೀರು ವ್ಯರ್ಥವಾಗುವುದನ್ನು ನೋಡಲಾರದೆ ಭಾವ ಪೈಪನ್ನು ನೇರ ಬಾವಿಗೆ ತಿರುಗಿಸಿಬಿಟ್ಟರು. ಮರುದಿನ ಅಕ್ಕ ಕೊಡ ಎಳೆದರೆ ಹಲಸಿನ ಎಲೆಯ ಕಷಾಯ, ಮೇಲೊಂದು ಕಪ್ಪೆ!

ಕಾರ್ಕಳದಿಂದ ಮಳೆಯಲ್ಲಿ ನೆನೆದು ಬಂದ ಇಂಜಿನಿಯರಮ್ಮ ಬಾವಿ ಇಣುಕಿ ನೋಡಿ, "ಎಸಿಗೆ ಫಿಲ್ಟರ್ ಹಾಕದೆ ಓಡಿಸ್ತಿದ್ರಾ ಸರ್ ನೀವು?" ಎಂದು ಕೇಳಿದಳು. ಭಾವ ಶಾಲೆಯ ಹುಡುಗನಂತೆ ತಲೆ ತಗ್ಗಿಸಿ ನಿಂತರು. ಬಾವಿಯನ್ನು ಪೂರ್ತಿ ಖಾಲಿ ಮಾಡಿ ತೊಳೆಯಬೇಕಾಯಿತು. ಭಾವ ಬೈಸಿಕೊಂಡದ್ದು ನೋಡಿ ಅಕ್ಕನಿಗೆ ಆ ದಿನ ಎಷ್ಟು ಸಂತೋಷ!

ಆದರೆ ತೊಟ್ಟಿ ಮುಗಿಯಿತು. ಮಳೆ ಹೋಯಿತು, ಚಳಿ ಹೋಯಿತು, ಮತ್ತೆ ಬೇಸಿಗೆ ಬಂತು. ಸುತ್ತಲಿನ ಬಾವಿಗಳು ತಳ ಕಂಡು, ಬೋರ್‌ವೆಲ್ಲುಗಳು ಗಾಳಿ ಉಗುಳಿ, ಮಣಿಪಾಲದ ಗುಡ್ಡಕ್ಕೆ ಟ್ಯಾಂಕರುಗಳು ಏದುಸಿರು ಬಿಡುತ್ತ ಹತ್ತುವ ಕಾಲದಲ್ಲಿ ಅಕ್ಕನ ಬಾವಿಯಲ್ಲಿ ನೀರು ನಿಂತಿತ್ತು. ಸ್ವಚ್ಛ, ಸಿಹಿ ನೀರು. ಅಕ್ಕಪಕ್ಕದವರು ಕೊಡ ಹಿಡಿದು ಬಂದರು. ಮನೆಯನ್ನು ಬೈಯುತ್ತಿದ್ದ ಅಕ್ಕ ಈಗ ರಾಟೆಯ ಹತ್ತಿರ ರಾಣಿಯಂತೆ ನಿಂತು, "ಪಾತ್ರೆ ಇಡುವ ಕೆಲಸ ನನಗೆ ತಪ್ಪಲಿಲ್ಲ ನೋಡಿ. ಮೊದಲು ಸೋರುವ ನೀರಿಗೆ ಇಡ್ತಿದ್ದೆ, ಈಗ ನಿಮ್ಮೆಲ್ಲರ ಪಾತ್ರೆ!" ಎನ್ನುತ್ತಿದ್ದಳು.

ಸುದ್ದಿ ಹಬ್ಬಿ, ಮಣಿಪಾಲದಿಂದ ವಾಸ್ತುಶಿಲ್ಪ ಕಲಿಸುವ ಮೇಷ್ಟ್ರೊಬ್ಬರು ವಿದ್ಯಾರ್ಥಿಗಳನ್ನು ಕರೆದುಕೊಂಡು ಬಂದರು. "ಇದು ನಿಜವಾದ ಗ್ರೀನ್ ಬಿಲ್ಡಿಂಗ್" ಎಂದು ಅವರು ಹೇಳಿದ್ದೇ ತಡ, ಅಕ್ಕ ಅಡಿಗೆಮನೆಯಿಂದ ಕೂಗಿದಳು.

"ಪೇಂಟೇ ಹೊಡೆಸಿಲ್ಲ ಇವರು! ಗ್ರೀನ್ ಎಲ್ಲಿಂದ ಬಂತು?"

ಇಂಥ ಕಟ್ಟಡಗಳಿಗೆ ಈಗ ಮಾನದಂಡಗಳು ಬಂದಿವೆ, ಅಂಕ ಕೊಡುತ್ತಾರೆ ಎಂದು ಮೇಷ್ಟ್ರು ವಿವರಿಸಿದರು. ಭಾವನ ಕಿವಿ ನಿಮಿರಿತು. ಮಳೆನೀರಿಗೆ ಮಾರ್ಕುಂಟಾ? ಉಂಟು. ಹಳೆ ಮರ, ಹಳೆ ಹೆಂಚಿಗೆ? ಉಂಟು. ಹತ್ತಿರದ ಕಲ್ಲು ತಂದದ್ದಕ್ಕೆ? ಅದಕ್ಕೂ ಉಂಟು. ಬಚ್ಚಲ ನೀರು ಬಾಳೆಗೆ ಬಿಟ್ಟದ್ದಕ್ಕೆ, ಸೋಲಾರ್ ಹೀಟರಿಗೆ, ಗಾಳಿ ಬೆಳಕಿಗೆ? ಎಲ್ಲದಕ್ಕೂ ಉಂಟು. ಭಾವ ರ‍್ಯಾಂಕು ಬಂದವರಂತೆ ಬೀಗಿದರು.

"ಕೆಲಸದವರ ಶೆಡ್ಡಿಗೆ ಎಷ್ಟು ಮಾರ್ಕು?"

ಮೇಷ್ಟ್ರು ತಡವರಿಸಿ, "ಅದು… ನಾನು ನೋಡಿದಷ್ಟರಲ್ಲಿ ಕಾಣಲಿಲ್ಲ" ಎಂದರು.

"ಹಾಗಾದ್ರೆ ಆ ಒಂದು ಸಬ್ಜೆಕ್ಟು ನೀವೇ ಸೇರಿಸಿಕೊಂಡು ಕಲಿಸಿ ಸರ್" ಎಂದು ಭಾವ ಎಲ್ಲರಿಗೂ ಪುನರ್ಪುಳಿ ಶರಬತ್ತು ಹಂಚಿದರು. ಅಂದಿನಿಂದ ಮನೆ ನೋಡಲು ಬರುವವರ ಸಂಖ್ಯೆ ಏರಿತು. ಭಾವನಿಗೆ ಅದಕ್ಕಿಂತ ದೊಡ್ಡ ಸುಖ ಬೇರೊಂದಿಲ್ಲ. ಊಟದ ನಡುವೆ ಎದ್ದು, ಕೈ ತೊಳೆಯದೆಯೂ ಮನೆ ತೋರಿಸುವವರು!

ಒಂದು ಬೇಸಿಗೆಯ ಮಧ್ಯಾಹ್ನ ನಾನು ಏನೋ ಕೆಲಸಕ್ಕೆ ಅಲ್ಲಿಗೆ ಹೋದೆ. ಬಾಯಿ ತೆರೆಯುವ ಮೊದಲೇ ಭಾವ ತುಟಿಯ ಮೇಲೆ ಬೆರಳಿಟ್ಟರು. ಚಾವಡಿಯ ನೆಲದ ಮೇಲೆ ಅಕ್ಕ ಮಲಗಿದ್ದಳು. ಚಾಪೆಯಿಲ್ಲ, ತಲೆದಿಂಬಿಲ್ಲ. ಕೈಯನ್ನೇ ತಲೆಗಿಟ್ಟುಕೊಂಡು, ಬಾಯಿ ಅರೆ ತೆರೆದು, ಮಗುವಿನಂಥ ನಿದ್ದೆ. ಹಣೆಯ ಮೇಲೆ ಒಂದು ಹನಿ ಬೆವರಿರಲಿಲ್ಲ.

ಭಾವ ನನ್ನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದರು. "ನಾನು ರಜೆಯಲ್ಲಿ ಬಂದಾಗೆಲ್ಲ ಮನೆ ತುಂಬ ಜನ. ಇವಳು ಒಲೆ ಬಿಟ್ಟು ಏಳ್ತಿರ್ಲಿಲ್ಲ. ಇವಳು ಮಲಗಿದ್ದನ್ನು ನಾನು ಸರಿಯಾಗಿ ನೋಡಿಯೇ ಇಲ್ಲ ಮಾರಾಯ." ಅಕ್ಕನ ಕಡೆಗೊಮ್ಮೆ ಇಣುಕಿ ಬಂದು ಮತ್ತೆ ಹೇಳಿದರು. "ಎಷ್ಟು ಜನರ ಬೆಡ್‌ರೂಮು ತಂಪು ಮಾಡಿದ್ದೇನೋ ಲೆಕ್ಕ ಇಲ್ಲ. ರೂಮು ತಂಪಾದ ಕೂಡಲೇ ನಾವು ಹೊರಗೆ ಬರ್ಬೇಕು. ತಂಪಿನಲ್ಲಿ ಮನುಷ್ಯರು ಹೇಗೆ ಮಲಗ್ತಾರೆ ಅಂತ ಗೊತ್ತೇ ಇರ್ಲಿಲ್ಲ."

ಅಷ್ಟರಲ್ಲಿ ಫೋನು ರಿಂಗಾಯಿತು. ಆ ವಯಸ್ಸಿನಲ್ಲಿ ಅವರು ಓಡಿದ ರೀತಿ ನೋಡಬೇಕಿತ್ತು! ಎರಡನೆಯ ರಿಂಗಿಗೆ ಬಿಡದೆ ರಿಸೀವರ್ ಎತ್ತಿ, ಬಾಯಿಗೆ ಕೈ ಅಡ್ಡ ಹಿಡಿದರು. ಯಾರೋ ಮನೆ ನೋಡಲು ಈಗಲೇ ಬರುತ್ತೇವೆ ಎನ್ನುತ್ತಿದ್ದರು.

"ಇಲ್ಲ, ಇವತ್ತು ಬರುವುದು ಬೇಡ" ಎಂದರು ಭಾವ, ಉಸಿರಿನಷ್ಟು ಮೆಲ್ಲಗೆ. "ನನ್ನ ಹೆಂಡತಿ ಮಲಗಿದ್ದಾಳೆ."