ನಿಜವಾದ ಇಂಡಿಯಾ ನೋಡಲು ಬಂದ ಸಾಹೇಬ

ರೈಲಿನಲ್ಲಿ ಟಿಕೆಟ್ ಇಲ್ಲದವರು ಒಂದೊಂದು ದಿನ ಸಿಗುತ್ತಿರಲಿಲ್ಲ, ನಗು ಮಾತ್ರ ದಿನಾ ಸಿಗುತ್ತಿತ್ತು. ತೊಂಬತ್ತರ ದಶಕದಲ್ಲಿ ಹುಬ್ಬಳ್ಳಿಯಿಂದ ಲೋಂಡಾ ಕಡೆ ಹೋಗುವ ಪ್ಯಾಸೆಂಜರಿನಲ್ಲಿ ನಾನು ಟಿ.ಸಿ. ಆಗಿದ್ದಾಗಿನ ಒಂದು ಮಧ್ಯಾಹ್ನವಂತೂ ಮರೆಯುವಂಥದ್ದಲ್ಲ. ನೆನೆದರೆ ಮೊದಲು ನಗು ಬರುತ್ತದೆ, ಆಮೇಲೆ ಕೈ ಮುಗಿಯಬೇಕೆನಿಸುತ್ತದೆ.

ಉಲ್ಟಾ ಕೇಸು

ಜನರಲ್ ಡಬ್ಬಿಯಲ್ಲಿ ಇಂಗ್ಲೆಂಡಿನ ಸಾಹೇಬನೊಬ್ಬ ಕೂತಿದ್ದ. ಕೈಯಲ್ಲಿ ಫಸ್ಟ್ ಕ್ಲಾಸ್ ಟಿಕೆಟ್. ಜನರಲ್ ಟಿಕೆಟ್ ಹಿಡಿದು ಫಸ್ಟ್ ಕ್ಲಾಸಿನಲ್ಲಿ ಮಲಗಿದವರನ್ನು ಬೇಕಾದಷ್ಟು ಎಬ್ಬಿಸಿದ್ದೆ. ಇಂಥವನಿಗೆ ಏನು ಮಾಡಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ. ಕೇಳಿದರೆ, ನಮ್ಮ ರೈಲುಗಳ ಬಗ್ಗೆ ಪುಸ್ತಕ ಬರೆಯುತ್ತಿದ್ದಾನಂತೆ, ನಿಜವಾದ ಇಂಡಿಯಾ ನೋಡಬೇಕಂತೆ. ಅದನ್ನು ಡಬ್ಬಿಯವರಿಗೂ ತಿಳಿಸಿದೆ.

ಬಾಗಿಲ ಬಳಿ ಜಾಗವಿಲ್ಲದೆ ಒಂಟಿಕಾಲಲ್ಲಿ ನಿಂತಿದ್ದ ಹತ್ತಿ ವ್ಯಾಪಾರಿಯೊಬ್ಬರು ಕೈ ಚಾಚಿದರು. "ಹಂಗಾದ್ರ ಆ ಟಿಕೆಟ್ ನನಗ ಕೊಡಸ್ರಿ. ನಾ ಹೋಗಿ ಸುಳ್ಳು ಇಂಡಿಯಾ ನೋಡ್ಕೋತ ಕೂಡ್ತೇನಿ."

ಧ್ಯಾನ

ಸಾಹೇಬ ಪೆನ್ನು ತೆಗೆದ. ಅವನೆದುರು ಧಾರವಾಡದಾಚೆಯ ಮುಗದದ ಅಜ್ಜಿಯೊಬ್ಬಳು, ಹಳೇ ಹುಬ್ಬಳ್ಳಿಯ ಮಗಳ ಮನೆಯಿಂದ ಊರಿಗೆ ಹೊರಟವಳು, ಕೂತಿದ್ದಳು.

"ಏನು ಬರ್ಯಾಕತ್ತಾನೋ ತಮ್ಮಾ?" ಎಂದು ನನ್ನನ್ನು ಕೇಳಿದಳು.

"ನಿಮ್ಮ ಬಗ್ಗೇನ ಆಯೀ."

ಅಜ್ಜಿ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು. ಪಕ್ಕದವರೂ ಹಾಗೇ ಕೂತರು. ಫೋಟೋ ತೆಗೆಸಿಕೊಳ್ಳುವವರಂತೆ ಇಡೀ ಡಬ್ಬಿ ಉಸಿರು ಬಿಗಿಹಿಡಿಯಿತು. ಸೀಟಿನ ಜಗಳ ನಿಂತಿತು, ಇಸ್ಪೀಟು ನಿಂತಿತು. ಧಾರವಾಡದವರೆಗೆ ಯಾರೂ ತುಟಿ ಬಿಚ್ಚಲಿಲ್ಲ. ಈ ದೇಶದವರು ರೈಲಿನಲ್ಲೂ ಧ್ಯಾನ ಮಾಡುತ್ತಾರೆ, ಎಂಥ ಶಾಂತಿ ಎಂದು ಸಾಹೇಬ ನನ್ನ ಕಿವಿಯಲ್ಲಿ ಬೆರಗಿನಿಂದ ಹೇಳಿದ. ಹೌದೆಂದೆ. ಅಂಥ ಶಾಂತಿಯನ್ನು ನಾನೂ ಅವತ್ತೇ ಮೊದಲು ನೋಡಿದ್ದು.

ಬುತ್ತಿ

ಧಾರವಾಡ ಬಿಟ್ಟ ಮೇಲೆ ಅಜ್ಜಿ ಬುತ್ತಿ ಬಿಚ್ಚಿದಳು. ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿಯಾಗಿದೆ, ಲಗೂ ಉಣ್ಣಬೇಕು ಎಂದು ಅವಳೇ ಹೇಳಿದಳು. ಆದರೆ ಎದುರಿಗಿದ್ದವರಿಗೆ ಕೊಡದೆ ಉಣ್ಣುವುದುಂಟೆ? ರೊಟ್ಟಿಯ ಮೇಲೆ ಕೆಂಪು ಖಾರದ ಚಟ್ನಿಯಿಟ್ಟು ಸಾಹೇಬನ ಮುಂದೆ ಹಿಡಿದಳು. ಗುರುತಿಲ್ಲದವರು ಕೊಟ್ಟದ್ದನ್ನು ತಿನ್ನಬೇಡ ಎಂದು ಅವನ ಊರಲ್ಲಿ ಹೇಳಿ ಕಳಿಸಿದ್ದರಂತೆ. ಬೇಡವೆಂದ. ಅಜ್ಜಿ ಕೈ ಹಿಂದೆ ತೆಗೆಯಲಿಲ್ಲ. ಆ ಕೈ ನಡುಗತೊಡಗಿತು, ಹಣೆ ಬೆವರಿತು.

"ಆಯೀ, ಮೊದಲ ನೀವು ಉಣ್ರಿ," ಎಂದೆ.

"ಹಸದ ಕೂಸಿನ ಮುಂದ ಹ್ಯಾಂಗ ಉಣ್ಣಲಿ?"

ಮೈಯಲ್ಲಿನ ಸಕ್ಕರೆ ಇಳಿಯುತ್ತಿದೆಯೆಂದು ನನಗೆ ಹೆದರಿಕೆಯಾಯಿತು. ನೀನು ತಿನ್ನದಿದ್ದರೆ ಈಕೆ ಇಲ್ಲೇ ಬೀಳುತ್ತಾಳೆ ಎಂದು ಸಾಹೇಬನಿಗೆ ಹೇಳಿದೆ. ಮೊದಲೇ ಬೆಳ್ಳಗಿದ್ದವನು ಇನ್ನಷ್ಟು ಬಿಳಿಚಿಕೊಂಡು ರೊಟ್ಟಿ ಮುರಿದು ಬಾಯಿಗಿಟ್ಟ. ಆಗ ಅಜ್ಜಿಯೂ ತುತ್ತು ಮುರಿದಳು. ಖಾರಕ್ಕೆ ಅವನ ಕಣ್ಣು ಮೂಗು ಎಲ್ಲ ಸುರಿಯಿತು. ಆದರೂ ಇನ್ನೊಂದು ರೊಟ್ಟಿಗೆ ಕೈ ಚಾಚಿದ. ತನ್ನ ಜೀವಕ್ಕಿಂತ ಪರದೇಶಿಯ ಹಸಿವು ದೊಡ್ಡದೆಂದ ಆ ಮುದುಕಿಗೆ ನಾನು ಕುಡಿಯಲು ನೀರು ತಂದುಕೊಟ್ಟೆ.

ಮುಗದದಲ್ಲಿ ಇಳಿಯುತ್ತ ಅಜ್ಜಿ ನನ್ನನ್ನು ಹತ್ತಿರ ಕರೆದಳು. "ಪಾಪ, ಉಪಾಸ ಇತ್ತು ಕೂಸು. ಹಿಂದಕ ಇವರ ಹಿರ್ಯಾರು ಬಂದಾಗೂ ಯಾರರ ಹಿಂಗ ಹೊಟ್ಟಿತುಂಬ ಉಣಿಸಿ ಕಳಿಸಿದ್ರ, ಇನ್ನೂರು ವರ್ಷ ಕೂಡ್ತಿದ್ದಿಲ್ಲ ನೋಡು ತಮ್ಮಾ."